ಮೂರು ಮಿಲಿಮೀಟರ್ ಪಟ್ಟಿ

ಮುಳುಗಿಹೋಗಿದ್ದ ದೋಣಿ ಬೆಳಿಗ್ಗೆ ಎಂಟೂಕಾಲಿಗೆ ಭುವನೇಶ್ವರಿಯ ತಕ್ಕಡಿಯ ಮೇಲೆ ಬಂದು ಕೂತಿತು.

2003ರ ಫೆಬ್ರವರಿ, ಭಾನುವಾರ. ಸಾತಾರಾ ರಸ್ತೆಯ ಕಾತ್ರಜ ಕೆರೆಯ ದಂಡೆಯಲ್ಲಿ ಮಾಡೆಲ್ ಬೋಟ್ ಕ್ಲಬ್ಬಿನ ರೇಸ್. ಬ್ಯಾಟರಿಯಿಂದ ಓಡುವ, ರಿಮೋಟಿನಿಂದ ತಿರುಗುವ ಹನ್ನೊಂದು ಪುಟ್ಟ ದೋಣಿಗಳು. ಓಡುವ ಮೊದಲು ಪ್ರತಿಯೊಂದನ್ನೂ ತೂಗಬೇಕೆಂಬುದು ನಿಯಮ. ಕ್ಲಬ್ಬಿಗೆ ಸ್ವಂತ ತಕ್ಕಡಿ ಇರಲಿಲ್ಲ. ಗಾಜಿನ ತಟ್ಟೆಯ ತನ್ನ ಡಿಜಿಟಲ್ ತಕ್ಕಡಿಯನ್ನು ಭುವನೇಶ್ವರಿ ತರುತ್ತಿದ್ದಳು.

ಈ ಸಲ ತರಲು ಅವಳ ಹತ್ತಿರ ದೋಣಿ ಇರಲಿಲ್ಲ.

ಡಿಸೆಂಬರಿನಲ್ಲಿ ಅವಳ ಗೆಳೆಯ ಸಂಜು ಫೋನ್ ಮಾಡಿದ್ದ. "ಭುವಿ, ಬೋಟ್ ಹೋತು. ಟೆಸ್ಟ್ ಮಾಡಾಕ ಹೋಗಿದ್ದೆ, ನೀರು ತುಂಬಿ ಮುಳುಗಿಬಿಡ್ತು." ಇಬ್ಬರೂ ಸೇರಿ ಒಂದು ವರ್ಷ ತಿದ್ದಿದ ದೋಣಿ. ಅವಳು ಎರಡು ದಿನ ಅತ್ತಳು. ಮೂರನೆಯ ದಿನ ಅವನು ಸ್ವಾರಗೇಟ್ ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿಸಿ, "ನಾವಿಬ್ಬರೂ ಮುಳುಗಿಲ್ಲಲ್ಲ," ಎಂದು ನಗಿಸಿದ್ದ.

ಇವತ್ತು ಅವನು ವಿಜಾಪುರದಲ್ಲಿ ಸೋದರಮಾವನ ಮನೆಯಲ್ಲಿ ಇರಬೇಕಿತ್ತು. ಹಾಗಂತ ಹೇಳಿದ್ದ.

"ಪುಢಚಾ ನಂಬರ್!" ಎಂದು ಕ್ಲಬ್ಬಿನ ಸೆಕ್ರೆಟರಿ ಕೃಷ್ಣಾಜಿ ಮರಾಠಿಯಲ್ಲಿ ಮುಂದಿನವರನ್ನು ಕೂಗಿದರು.

ಹಳದಿ ದುಪಟ್ಟಾದ ಹುಡುಗಿಯೊಬ್ಬಳು ಬಿಳಿ ದೋಣಿಯೊಂದನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ತಂದಿಟ್ಟಳು. ದೋಣಿಯ ಪಕ್ಕೆಯ ಮೇಲೆ ಕೆಂಪು ಅಕ್ಷರದಲ್ಲಿ ಹುಡುಗಿಯ ಹೆಸರು: ಸ್ನೇಹಲ್.

ತಕ್ಕಡಿ 1,438 ಗ್ರಾಂ ತೋರಿಸಿತು. ಮುಳುಗಿದ ದೋಣಿಯ ತೂಕ 1,412.

ಭುವನೇಶ್ವರಿ ಚಾಕಣದ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಟರ್. ದಿನಕ್ಕೆ ನಾನ್ನೂರು ಬಿಡಿಭಾಗ ಅಳೆಯುವ ಕೈ ಅವಳದು. ದೋಣಿಯನ್ನು ಮಗುಚಿದಳು. ಎಡಬದಿಯಲ್ಲಿ, ಹಿಂದೆ ಕಲ್ಲಿಗೆ ತಾಗಿ ಸೀಳಿದ್ದನ್ನು ಅವಳು ಮುಚ್ಚಿದ್ದ ಜಾಗ, ಬಣ್ಣದಡಿಯಲ್ಲೂ ಹೆಬ್ಬೆರಳಿಗೆ ಸಿಕ್ಕಿತು. ಪ್ರೊಪೆಲರ್‌ನ ನಡುವೆ ಅರದಿಂದ ಎಳೆದ ಮೂರು ಸಣ್ಣ ಗೆರೆ. ಅದು ಅವಳದೇ ಗುರುತು.

ಹೆಚ್ಚಾದ ಇಪ್ಪತ್ತಾರು ಗ್ರಾಂ ಬಿಳಿ ಬಣ್ಣದ್ದು.

"ಯಾರು ಮಾಡಿಕೊಟ್ರು ಇದನ್ನ?"

"ಸಂಜು." ಹುಡುಗಿ ಉಂಗುರದ ಬೆರಳನ್ನು ದುಪಟ್ಟಾದಲ್ಲಿ ಅಡಗಿಸಿ ನಕ್ಕಳು. "ನಮ್ಮ ನಿಶ್ಚಿತಾರ್ಥದ ಸಾಖರ್‌ಪುಡ್ಯಾದಾಗ ಕೊಟ್ರು. ಮೂರು ತಿಂಗಳು ಕುಂತು ನನ್ನ ಸಲುವಾಗಿ ಮಾಡ್ಯಾರಂತ. ಛಂದ ಅದ ಅಲ್ರೀ?"

"ಭಾಳ ಛಂದ ಅದ."

ಕಳೆದ ವರ್ಷವೆಲ್ಲ ಪ್ರತಿ ಭಾನುವಾರ ಸಂಜು ಭುವನೇಶ್ವರಿಯ ಮನೆಗೆ ಬರುತ್ತಿದ್ದ. ಅವಳ ತಂದೆ ಲಾಲಪ್ಪ ಯಾದಗಿರಿ ಕಡೆಯ ಗೌಂಡಿ. ಅಪ್ಪ ನೆಲಕ್ಕೆ ಕಲ್ಲು ಹಾಸುವ ಫರ್ಶಿ ಕೆಲಸಕ್ಕೆ ಹೊರಟ ಮೇಲೆ ಇಬ್ಬರೂ ನೆಲದ ಮೇಲೆ ದಪ್ಪ ಗಾಜು ಹಾಸಿ, ದೋಣಿಯನ್ನು ಅದರ ಮೇಲಿಟ್ಟು ಕೂರುತ್ತಿದ್ದರು. ಅವಳು ಬ್ಯಾಟರಿ ಹಿಂದೆ ಮುಂದೆ ಸರಿಸಿ, ಪ್ರೊಪೆಲರ್ ಎತ್ತರ ಅಳೆದು, ನೋಟ್‌ಬುಕ್ಕಿನಲ್ಲಿ ಬರೆಯುವಳು. ಅವನು ಎದುರಿಗೆ ಗಲ್ಲಕ್ಕೆ ಕೈಕೊಟ್ಟು ಅವಳ ಮುಖ ನೋಡುವನು.

"ಬೋಟ್ ನೋಡೋ."

"ಬೋಟ್ ದಿನಾ ಇರ್ತದ. ನಿನ್ನ ಮೂಗಿನ ಮ್ಯಾಲೆ ಗ್ರೀಸ್ ಹತ್ತೇದ, ಅದು ದಿನಾ ಇರಂಗಿಲ್ಲ."

ಅವಳು ಒರೆಸಿಕೊಳ್ಳಲು ಹೋದರೆ ಕೈ ಹಿಡಿದು, "ಇರಲಿ ಬಿಡು," ಎನ್ನುವನು. ಆ ಒಂದು ವರ್ಷ ಅವಳಿಗೆ ಭಾನುವಾರಗಳ ನಡುವೆ ಬೇರೆ ವಾರಗಳೇ ಇರಲಿಲ್ಲ.

ಈಗ ಕೆರೆಯ ದಂಡೆಗೆ ಸಂಜು ಕೈಯಲ್ಲಿ ರಿಮೋಟ್, ಬಗಲಲ್ಲಿ ಚೀಲ ಹಿಡಿದು ಬಂದ. ದೋಣಿಯಿಲ್ಲದವಳು ಈ ಸಲ ಬರಲಾರಳೆಂದುಕೊಂಡಿದ್ದ. ತಕ್ಕಡಿಯ ಹಿಂದೆ ಕೂತವಳನ್ನು ಕಂಡು ನಿಂತುಬಿಟ್ಟ. ಕಿವಿ ಕೆಂಪಾದವು.

ಅವಳೇ ಎದ್ದು ಅವನನ್ನು ಕಲ್ಲುಕಟ್ಟೆಯ ಆಚೆಗೆ ಕರೆದಳು.

"ವಿಜಾಪುರ ಭಾಳ ಹತ್ರ ಬಂದದಲ್ಲೋ."

"ಭುವಿ, ಸ್ವಲ್ಪ ಕೇಳು. ಮನ್ಯಾಗ ಗೊತ್ತು ಮಾಡಿದ್ರು. ನಾ ಏನು ಮಾಡ್ಲಿ?"

"ಮದುವಿ ಅವರು ಗೊತ್ತು ಮಾಡಿದ್ರು. ಬೋಟ್ ಯಾರು ಮುಳುಗಿಸಿದ್ರು?"

ಅವನು ನೀರಿನ ಕಡೆ ನೋಡಿದ. "ನಾನಽ ಮಾಡಿದ್ದು ಅಂತ ಅಕಿಗೆ ಏನರ ಕೊಡಬೇಕಿತ್ತು. ನನಗ ಮಾಡಾಕ ಬರಂಗಿಲ್ಲ. ಅದು ನಿನಗೂ ಗೊತ್ತು."

ಇಷ್ಟು ನಿಜವಾದ ಮಾತನ್ನು ಅವನು ಅವಳಿಗೆ ಎಂದೂ ಹೇಳಿರಲಿಲ್ಲ.

"ನನ್ನ ನೋಟ್‌ಬುಕ್ ಕೊಡು."

ಝೆರಾಕ್ಸ್ ಮಾಡಿಸುತ್ತೇನೆಂದು ಒಯ್ದದ್ದು. ಚೀಲದಿಂದ ತೆಗೆದುಕೊಟ್ಟ. ಅದನ್ನು ಹಿಡಿದು ಮೇಜಿಗೆ ಮರಳಿದಾಗ ಅವಳ ಕಣ್ಣಿಗೆ ತಪ್ಪು ಬಿತ್ತು. ಪ್ರೊಪೆಲರ್ ಹಿಡಿದಿಡುವ ಹಿತ್ತಾಳೆ ಕೊಂಡಿ ಮೂರು ಮಿಲಿಮೀಟರ್ ಮೇಲಿತ್ತು.

ಕಾರಣವೂ ಕೂಡಲೇ ಹೊಳೆಯಿತು. ಅಳೆಯುವಾಗ ಅವಳು ದೋಣಿಯ ಕೆಳಗೆ ಎರಡು ಉಕ್ಕಿನ ಪಟ್ಟಿ ಇಡುತ್ತಿದ್ದಳು, ಅಲುಗಬಾರದೆಂದು. ಒಂದೊಂದೂ ಮೂರು ಮಿಲಿಮೀಟರ್ ದಪ್ಪ. ನೋಟ್‌ಬುಕ್ಕಿನಲ್ಲಿ ಕೊಂಡಿಯ ಎತ್ತರ 'ಗಾಜಿನಿಂದ ಐದು ಮಿಲಿಮೀಟರ್' ಎಂದು ಬರೆದಿದ್ದಳು. ಪಟ್ಟಿಯ ಮಾತು ಬರೆದಿರಲಿಲ್ಲ, ಎದುರಿಗೇ ಕೂತವನಿಗೆ ಅದು ಗೊತ್ತೇ ಇರುತ್ತದೆಂದು. ಬಣ್ಣ ಹಚ್ಚಲು ಕೊಂಡಿ ಬಿಚ್ಚಿದ ಸಂಜು, ಮತ್ತೆ ಕೂಡಿಸುವಾಗ ದೋಣಿಯನ್ನು ಬರೀ ಗಾಜಿನ ಮೇಲಿಟ್ಟು ಐದು ಅಳೆದಿದ್ದ.

ಐವತ್ತೆರಡು ಭಾನುವಾರ. ಒಂದು ಸಲವೂ ಅವನು ಅವಳ ಕೈ ಏನು ಮಾಡುತ್ತಿದೆ ಎಂದು ನೋಡಿರಲಿಲ್ಲ.

ಹೀಗೇ ಬಿಟ್ಟರೆ ಮೊದಲ ತಿರುವಿನಲ್ಲೇ ಪ್ರೊಪೆಲರ್ ನೀರು ಬಿಟ್ಟು ಮೇಲೇಳುತ್ತದೆ. ಮೋಟಾರ್ ಚೀರುತ್ತದೆ. ದೋಣಿ ಗಿರ್ರನೆ ಸುತ್ತಿ ನಿಂತುಬಿಡುತ್ತದೆ, ಎಲ್ಲರೆದುರು. ಅವಳು ಸುಮ್ಮನಿದ್ದರೆ ಸಾಕಿತ್ತು.

"ಅಪ್ಪ, ಅವ್ವ, ಕಾಕಾ ಎಲ್ಲಾರೂ ಬಂದಾರ್ರೀ," ಎಂದಳು ಸ್ನೇಹಲ್. "ಇವತ್ತಽ ಮೊದಲ ಸಲ ಓಡಸ್ತೀನಿ."

ಭುವನೇಶ್ವರಿ ಒಂದು ಗಳಿಗೆ ಅವಳ ಉಂಗುರ ನೋಡಿದಳು. ಆಮೇಲೆ ಪ್ರೊಪೆಲರ್ ಮೇಲಿನ ಮೂರು ಗೆರೆ. ತನ್ನ ಗುರುತು ಇರುವ ವಸ್ತು ತಪ್ಪು ಅಳತೆಯಲ್ಲಿ ಕೈಬಿಟ್ಟು ಹೋದದ್ದು ಇಲ್ಲಿಯವರೆಗೆ ಇರಲಿಲ್ಲ. ಇವತ್ತು ಹೋಗಲಿ ಎನ್ನಿಸಿತು. ಬಲವಾಗಿಯೇ ಎನ್ನಿಸಿತು.

"ಎರಡು ನಿಮಿಷ ಕೊಡ್ರಿ," ಎಂದಳು.

ಪರ್ಸಿನಲ್ಲಿದ್ದ ಕರವಸ್ತ್ರ ಬಿಚ್ಚಿ ಆ ಎರಡು ಪಟ್ಟಿ ತೆಗೆದು ತಕ್ಕಡಿಯ ಗಾಜಿನ ಮೇಲಿಟ್ಟಳು. ಅವುಗಳ ಮೇಲೆ ದೋಣಿ. ಸ್ಕ್ರೂ ಸಡಿಲಿಸಿ, ಕೊಂಡಿ ಇಳಿಸಿ, ಅಳೆದು, ಬಿಗಿದಳು. ಸಂಜು ಹತ್ತಿರ ಬಂದು ನಿಂತಿದ್ದ. ಅವನ ಕಣ್ಣು ಮೊದಲ ಸಲ ಅವಳ ಕೈ ಮೇಲಿತ್ತು.

"ಈ ಪಟ್ಟಿ ಯಾವಾಗ ತಂದಿ?"

"ಒಂದು ವರ್ಷ ನಿನ್ನ ಮುಂದಽ ಇದ್ದವು."

ಸ್ನೇಹಲ್ ಇಬ್ಬರನ್ನೂ ನೋಡಿದಳು. "ತಪ್ಪದ ಅಂತ ನಿಮಗ ಹೆಂಗ ಗೊತ್ತಾತ್ರೀ?"

"ಈ ಬೋಟ್ ನಾ ಮಾಡಿದ್ದು. ಮುಳುಗೇದ ಅಂತ ಇವರು ನನಗ ಹೇಳಿದ್ರು. ಉಳಿದದ್ದು ಇವರನ್ನಽ ಕೇಳ್ರಿ."

ಕೃಷ್ಣಾಜಿ ಸೀಟಿ ಊದಿದರು. ಸ್ನೇಹಲ್ ಮುಖದಲ್ಲಿ ನಗು ಉಳಿದಿರಲಿಲ್ಲ. ಸಂಜುವಿನ ಕೈಯಿಂದ ರಿಮೋಟ್ ಕಿತ್ತುಕೊಂಡು, ದೋಣಿ ಎತ್ತಿಕೊಂಡು, ಒಬ್ಬಳೇ ನೀರಿನ ಕಡೆ ನಡೆದಳು.

"ಭುವಿ," ಎಂದ ಸಂಜು. "ನಾ ನಿನ್ನ ಮುಖ ನೋಡ್ಕೋತ ಕುಂತದ್ದು ಸುಳ್ಳಲ್ಲ."

"ಗೊತ್ತದ. ಅದಕ್ಕಽ ನಾನೂ ಮೋಸ ಹೋದೆ."

ಪಟ್ಟಿ, ತಕ್ಕಡಿ, ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡು ಅವಳು ರಸ್ತೆಯ ಕಡೆ ಹೊರಟಳು. ಸಾತಾರಾ ಕಡೆಯ ಬಸ್ಸೊಂದು ಹಾದುಹೋದ ಮೇಲೆ, ಬೆನ್ನ ಹಿಂದೆ ಮೋಟಾರುಗಳು ಒಟ್ಟಿಗೆ ಶುರುವಾದವು. ಅವುಗಳಲ್ಲಿ ತನ್ನದನ್ನು ಅವಳು ತಿರುಗಿ ನೋಡದೆಯೇ ಗುರುತಿಸಿದಳು. ಹೆಜ್ಜೆ ನಿಂತಿತು.

ಮೊದಲ ತಿರುವು. ಮೋಟಾರ್ ಚೀರಲಿಲ್ಲ. ಎರಡನೆಯದು. ಮೂರನೆಯದು. ಒಂದೇ ಸಮನಾದ ಸದ್ದು, ನೀರನ್ನು ಕಚ್ಚಿ ಹಿಡಿದಂತೆ.

ಡಿಸೆಂಬರಿನಲ್ಲಿ ದೋಣಿ ಮುಳುಗಿತೆಂದು ಅತ್ತಿದ್ದಳು. ಈಗ ಅದು ತೇಲುತ್ತಿದೆಯೆಂದು ಅಳು ಬಂತು.