ವೀರಗಲ್ಲಿಗೆ ಒಂದು ಚೊಂಬು ಹಾಲು

"ಏಯ್, ಮುಟ್ಟಬೇಡಿ ಅದನ್ನ! ಅದು ನಮ್ಮ ಮನೆತನದ ಕಲ್ಲು!"

ತೇಜಸ್ವಿನಿಯ ಕೂಗಿಗೆ, ತೆರಕಣಾಂಬಿಯ ಆ ಹೊಲದ ಬದುವಿನಲ್ಲಿ ಬೆನ್ನು ಮಾಡಿ ಕೂತಿದ್ದವನ ಕೈ ವೀರಗಲ್ಲಿನ ಮೇಲೆಯೇ ನಿಂತುಬಿಟ್ಟಿತು. ಪಕ್ಕದಲ್ಲಿ ಬಾಳೆ ಎಲೆಯ ತುಂಬ ಎಡೆ ಹಿಡಿದು ನಿಂತಿದ್ದ ಹೆಂಗಸು ಬೆಚ್ಚಿ ಹಿಂದೆ ಸರಿದರು.

ಅವನು ನಿಧಾನವಾಗಿ ತಿರುಗಿದ.

ಅಯ್ಯೋ ದೇವರೇ... ಶಿವಸ್ವಾಮಿ!

ಊರಿನ ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ಅವನು. ವರ್ಷದಿಂದ ಪ್ರತಿ ಭಾನುವಾರ ಇಬ್ಬರೂ ಸೇರಿ ಇಲ್ಲಿನ ಹಾಳು ಗುಡಿ, ಕೋಟೆಗಳನ್ನೆಲ್ಲ ಸುತ್ತಿದ್ದರು. ಗುಂಡ್ಲುಪೇಟೆಯ ಕಾಲೇಜಿನಲ್ಲಿ ಪಾಠ ಮಾಡುವ ತೇಜಸ್ವಿನಿಗೆ ಹಳೆಯ ಕಲ್ಲುಗಳ ವಿಡಿಯೋ ಮಾಡುವ ಹುಚ್ಚು. ಅವಳ ಹುಚ್ಚಿಗೆ ಅವನು ಜೊತೆ. ಪ್ರೀತಿಯ ಮಾತನ್ನು ಇಬ್ಬರೂ ಆಡಿರಲಿಲ್ಲ, ಆದರೆ ಇಬ್ಬರಿಗೂ ಗೊತ್ತಿತ್ತು. "ಮಾರ್ನಮಿ ಅಮಾವಾಸ್ಯೆ ದಿನ ನಮ್ಮ ಹಿರಿಯರ ಕಲ್ಲನ್ನ ಲೈವ್‌ನಲ್ಲಿ ತೋರಿಸ್ತೀನಿ" ಎಂದು ಅವಳು ಹೇಳಿದಾಗ ಅವನು ಯಾಕೋ ಮಾತು ಬೇರೆ ಕಡೆಗೆ ತಿರುಗಿಸಿದ್ದ. ಅದನ್ನು ಅವಳು ಆಗ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಶಿವಸ್ವಾಮಿ ಎದ್ದು ಅರಿಶಿನದ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡ.

"ಸಾರಿ ಮೇಡಂ."

ಮೇಡಂ! ನಿನ್ನೆಯವರೆಗೂ 'ತೇಜು' ಎನ್ನುತ್ತಿದ್ದ ಬಾಯಿ ಅದು.

"ಬಾ ಮಗ, ಓಗನ," ಅಂದರು ಅವನ ಅವ್ವ ಮಲ್ಲಿಗಮ್ಮ. ಎಡೆಯನ್ನು ಹಾಗೇ ಸೆರಗಿನಲ್ಲಿ ಮುಚ್ಚಿಕೊಂಡು ಮಗನ ಹಿಂದೆ ನಡೆದರು. ಒಂದು ಸಲವೂ ಹಿಂದಕ್ಕೆ ನೋಡಲಿಲ್ಲ.

ತೇಜಸ್ವಿನಿಯ ಫೋನಿನಲ್ಲಿ ಲೈವ್ ಓಡುತ್ತಲೇ ಇತ್ತು. 'ಸೂಪರ್ ಅಕ್ಕ, ನಮ್ಮ ಪರಂಪರೆ ನಾವೇ ಕಾಪಾಡಬೇಕು' ಎಂದು ಯಾರೋ ಬರೆದಿದ್ದರು. ಅವಳು ಲೈವ್ ನಿಲ್ಲಿಸಿ ಮನೆಯತ್ತ ನಡೆದಳು.

ಅಡುಗೆಮನೆಯಲ್ಲಿ ಅಜ್ಜಿ ಶಾಂತಮಲ್ಲಮ್ಮ ಕಜ್ಜಾಯ ತಟ್ಟುತ್ತಿದ್ದರು.

"ಅಜ್ಜಿ, ಬದುವಿನ ಕಲ್ಲು ಯಾರದ್ದು?"

"ಅವ್ರುದ್ದೇ ಕಣಮ್ಮಿ. ಆ ದನದ ಡಾಕ್ಟ್ರು ಮನೆಯೋರ್ದು, ಮೂಗಯ್ಯನ ವಂಶದೋರ್ದು." ಅಜ್ಜಿ ತಲೆಯನ್ನೂ ಎತ್ತಲಿಲ್ಲ. "ದನ ನಮ್ಮವು. ಕಳ್ರು ಒಡ್ಕೊಂಡು ಓಯ್ತಾ ಇದ್ದಾಗ ಅಡ್ಡ ನಿಂತು ಸತ್ತೋನು ಅವ್ರೋನು."

"ಮತ್ತೆ ತಾತ ನಮ್ಮ ಹಿರಿಯರು ಅಂತ..."

"ಒಲ ನಮ್ದಲ್ವಾ, ಕಲ್ಲೂ ನಮ್ದೇ ಅಂದ್ರು. ಊರ್ಗೆಲ್ಲ ಗೊತ್ತು, ಯಾರೂ ಬಾಯಿ ಬುಡಲ್ಲ ಅಷ್ಟೆ. ನಾನು ಮದ್ವೆಯಾಗಿ ಬಂದಾಗ ಮಾರ್ನಮಿಗೆ ಮೊದ್ಲು ನಮ್ಮನೆಯಿಂದ ಒಂದು ಚೊಂಬು ಆಲು ಓಗ್ಬೇಕಿತ್ತು. ಆ ಆಲು ಕಲ್ಲಿಗೆ ಉಯ್ದ ಮೇಲೇ ಅವ್ರು ಎಡೆ ಇಡೋರು. ಆಮೇಲೆ ನಿಮ್ಮ ತಾತ ಅದ್ನೂ ನಿಲ್ಲಿಸ್ಬುಟ್ರು. ಅವ್ರು ಮಾತ್ರ ವರ್ಸಾ ವರ್ಸಾ ಯಾರೂ ಏಳೋಕ್ ಮುಂಚೆ ಬಂದು ಎಡೆ ಇಟ್ಟು ಓಯ್ತಾರೆ. ಇವತ್ತು ತಡವಾಯ್ತೇನೋ."

ತಡವಾದದ್ದು ಯಾಕೆಂದು ತೇಜಸ್ವಿನಿಗೆ ಗೊತ್ತಿತ್ತು. ಯಾರದೋ ಹಸು ಕರು ಹಾಕಲು ಕಷ್ಟಪಡುತ್ತಿದೆ ಎಂದು ಅವನು ಬೆಳಗಿನ ಜಾವವೇ ಮೆಸೇಜ್ ಮಾಡಿದ್ದ. ಇವತ್ತಿಗೂ ಇನ್ನೊಬ್ಬರ ದನ ಉಳಿಸಲು ಹೋಗುವ ಮನೆ ಅದು!

"ಎಡೆ ಇಡದೇ ಹೋದರಲ್ಲ ಅಜ್ಜಿ... ಈಗ?"

"ಇನ್ನೇನು, ಉಪ್ವಾಸ. ಎಡೆ ಇಡದೆ ಆ ಮನೇಲಿ ಯಾರೂ ಒಂದು ಅಗ್ಳೂ ಮುಟ್ಟಲ್ಲ."

ತೇಜಸ್ವಿನಿ ಗೋಡೆಗೆ ಒರಗಿದಳು. ಕಲ್ಲಿನ ಲಿಪಿ ಓದಲು ಬರುತ್ತದೆ ಎಂದು ಬೀಗುತ್ತಿದ್ದ ತಾನು, ಎದುರಿಗಿದ್ದ ಮನುಷ್ಯರನ್ನು ಎಂದಾದರೂ ಓದಿದ್ದೇನೆಯೇ? ಅದಕ್ಕಿಂತ ಕೆಟ್ಟ ಪ್ರಶ್ನೆ ಇನ್ನೊಂದಿತ್ತು. 'ಅಲ್ಲಿ ಕೂತಿದ್ದು ಶಿವು ಅಲ್ಲದೆ ಬೇರೆ ಯಾರೋ ಆಗಿದ್ದರೆ, ನನಗೆ ಇಷ್ಟು ನಾಚಿಕೆ ಆಗುತ್ತಿತ್ತಾ?'

ಉತ್ತರ ಗೊತ್ತಾಗಿ ಅವಳ ಮುಖ ಸುಟ್ಟಂತಾಯಿತು.

ಚೊಂಬಿಗೆ ಹಾಲು ತುಂಬಿಕೊಂಡು ಅವಳು ಹೊರಟಳು. ಅವಳ ಮನೆಯ ಹೆಂಗಸರು ಯಾರೂ ಕಾಲಿಡದ ಬೀದಿ ಅದು. ಜಗಲಿಗಳಲ್ಲಿ ಕೂತಿದ್ದವರು ಮಾತು ನಿಲ್ಲಿಸಿ ನೋಡಿದರು. ನೋಡಲಿ. ಹಾಗೆ ನೋಡಿಸಿಕೊಳ್ಳಬೇಕಾದ್ದೇ ನ್ಯಾಯ.

ಬಾಗಿಲಲ್ಲಿ ಶಿವಸ್ವಾಮಿ ನಿಂತಿದ್ದ. ಅವನು ದಾರಿ ಬಿಡಲೂ ಇಲ್ಲ, ತಡೆಯಲೂ ಇಲ್ಲ.

"ಅಮ್ಮ..." ತೇಜಸ್ವಿನಿ ಅವನ ಹಿಂದಿದ್ದ ಮಲ್ಲಿಗಮ್ಮನಿಗೆ ಕೈಮುಗಿಯಲು ಹೋದಳು, ಚೊಂಬು ಅಡ್ಡ ಬಂತು. "ಮುಟ್ಟಬೇಡಿ ಅಂದುಬಿಟ್ಟೆ. ಮುಟ್ಟೋ ಹಕ್ಕು ಇರೋದೇ ನಿಮಗೆ. ತಪ್ಪಾಯ್ತು ಅನ್ನೋಕೂ ನನಗೆ ಮುಖ ಇಲ್ಲ..."

ಮಲ್ಲಿಗಮ್ಮ ಅವಳನ್ನಲ್ಲ, ಚೊಂಬನ್ನು ನೋಡುತ್ತಿದ್ದರು.

"ಆಲು ತಂದಿದ್ದೀಯಾ?" ಅವರು ಒಂದು ಹೆಜ್ಜೆ ಮುಂದೆ ಬಂದರು. "ನಮ್ಮತ್ತೆ ಸಾಯೋಗಂಟ ಏಳ್ತಿದ್ರು... ದೊಡ್ಮನೆಯಿಂದ ಆಲು ಬರ್ತಿತ್ತು ಕಣವ್ವ ಅಂತ. ನಾನು ಸುಳ್ಳೇನೋ ಅನ್ಕೊಂಡಿದ್ದೆ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಎತ್ತಿದ ಎಡೆ ತಿರ್ಗಾ ಇಡಂಗಿಲ್ಲ. ಒಸದಾಗಿ ಬೇಯಿಸ್ಬೇಕು. ಕೂತ್ಕೊ."

ಮತ್ತೆ ಬೆಂದ ಎಡೆಯೊಂದಿಗೆ ಮೂವರೂ ಬದುವಿಗೆ ಬಂದಾಗ ಬಿಸಿಲು ಇಳಿದಿತ್ತು. ತೇಜಸ್ವಿನಿ ಫೋನ್ ತೆಗೆದಳು.

"ಅವ್ವನ ಮುಖ ತೋರಿಸಬೇಡ," ಅಂದ ಶಿವಸ್ವಾಮಿ. ಬೆಳಗಿನಿಂದ ಅವನು ಅವಳೊಡನೆ ಆಡಿದ ಎರಡನೇ ಮಾತು ಅದು.

"ನನ್ನ ಮುಖ ಮಾತ್ರ."

ಅವಳು ಲೈವ್ ಒತ್ತಿದಳು. "ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ಈ ಕಲ್ಲು ನಮ್ಮ ಮನೆಯವರದ್ದಲ್ಲ. ನಮ್ಮ ದನಗಳಿಗಾಗಿ ಜೀವ ಕೊಟ್ಟವರದ್ದು. ಅವರ ಮಕ್ಕಳಿಗೇ ನಾನು ಮುಟ್ಟಬೇಡಿ ಅಂದೆ." ಅಷ್ಟರಲ್ಲೇ ಚಿಕ್ಕಪ್ಪ ಶಂಭುಲಿಂಗಪ್ಪನ ಕರೆ ಬಂತು. ಅವಳು ಅದನ್ನು ಕತ್ತರಿಸಿ ಫೋನ್ ಆಫ್ ಮಾಡಿದಳು. ಮನೆಯಲ್ಲಿ ಏನು ಕಾದಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಹಾಲು ಎರೆದಳು, ಮಲ್ಲಿಗಮ್ಮ ಎಡೆ ಇಟ್ಟರು. ಕಾಗೆ ಬಂದು ಮುಟ್ಟಿತು. ಮಲ್ಲಿಗಮ್ಮ ಮೊದಲ ಕಜ್ಜಾಯ ಮುರಿದು ತೇಜಸ್ವಿನಿಯ ಬಾಯಿಗಿಟ್ಟರು. "ಉಣ್ಣವ್ವ, ನೀನೂ ಬೆಳ್ಗೆಯಿಂದ ಅಸ್ಕೊಂಡಿದ್ದೀಯ." ಅವಳು ಅಳುತ್ತಲೇ ತಿಂದಳು.

ಅವ್ವ ಪಾತ್ರೆ ಎತ್ತಿಕೊಂಡು ಮುಂದೆ ಹೋದರು.

"ತೇಜು, ಒಂದು ಕೇಳ್ಲಾ?" ಅಂದ ಶಿವಸ್ವಾಮಿ. "ನಾನಲ್ದೆ ಬೇರೆ ಯಾರೋ ಆಗಿದ್ರೆ?"

ಸಿಹಿಯಾದ ಸುಳ್ಳೊಂದನ್ನು ಹೇಳಬಹುದಿತ್ತು. ಅವಳು ಹೇಳಲಿಲ್ಲ.

"ಬೈದು ಕಳಿಸಿ, ಮನೆಗೆ ಹೋಗಿ ಊಟ ಮಾಡ್ತಿದ್ದೆ ಶಿವು. ಬೆಳಿಗ್ಗೆಯಿಂದ ನನ್ನ ತಿಂತಿರೋ ನಾಚಿಕೆ ಅದೇ."

ಅವನು ಬಗ್ಗಿ, ಹಾಲಿಗೆ ತೊಳೆದುಹೋಗಿದ್ದ ಕಲ್ಲಿಗೆ ಮತ್ತೆ ಅರಿಶಿನ ಬಳಿದ.

"'ಆಗಲೂ ಓಡಿ ಬರ್ತಿದ್ದೆ' ಅಂತ ನೀನು ಅಂದಿದ್ರೆ ನಾನು ನಂಬ್ತಿರ್ಲಿಲ್ಲ."

"ಕ್ಷಮಿಸ್ತೀಯಾ?"

"ಅವ್ವ ಕ್ಷಮಿಸ್ಬುಟ್ರು. ನಂಗೆ ಸ್ವಲ್ಪ ಟೈಮ್ ಬೇಕು. ಮುಂದಿನ ಮಾರ್ನಮಿಗೆ ಹಾಲು ಬರುತ್ತಾ ನೋಡ್ಬೇಕು."

"ನಾನೇ ತರ್ತೀನಿ."

"ಯಾವ ಮನೆಯಿಂದ?"

ತೇಜಸ್ವಿನಿ ತಲೆ ಎತ್ತಿದಳು. ಅವನ ಕಣ್ಣಂಚಿನಲ್ಲಿ ಹಳೆಯ ಭಾನುವಾರಗಳ ನಗು ಸಣ್ಣದಾಗಿ ಇಣುಕಿತು.

"ಹಾಲು ದೊಡ್ಡಮನೆಯಿಂದಲೇ ಬರಬೇಕು, ಅದು ನಮ್ಮ ಋಣ," ಅಂದಳು ಅವಳು. "ಎಡೆ ಮಾತ್ರ... ನಿಮ್ಮ ಮನೆಯವಳಾಗಿ ಇಡ್ತೀನಿ. ಕರೆದ್ರೆ."

ಅವನು ಕೈ ಚಾಚಿ, ತಟ್ಟನೆ ಹಿಂದಕ್ಕೆಳೆದುಕೊಂಡ.

"ಕೈಯೆಲ್ಲ ಅರಿಶಿನ. ನಿಂಗೆ ಅಂಟುತ್ತೆ."

"ಅಂಟಲಿ ಬಿಡು," ಎಂದು ಅವಳೇ ಆ ಕೈ ಹಿಡಿದಳು.