ಮೂರನೇ ಮಹಡಿಯ ರಾಣಿ ಮತ್ತು ಕಡ್ಡಿ ಪೈಲ್ವಾನ

ಎಲ್ಲ ಕಥೆಗಳಲ್ಲೂ ಗೋಪುರದಲ್ಲಿ ಸಿಕ್ಕಿಬೀಳುವುದು ರಾಜಕುಮಾರಿ. ಆದರೆ ಒಂದಾನೊಂದು ಊರಿನ ಒಂದಾನೊಂದು ಕಟ್ಟಡದಲ್ಲಿ, ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ ಸಿಕ್ಕಿಬಿದ್ದಿದ್ದವಳು ರಾಜಕುಮಾರಿಯ ಅಜ್ಜಿ. ಕೂಡಿಹಾಕಿದ್ದು ಯಾವ ರಾಕ್ಷಸನೂ ಅಲ್ಲ, ಅವಳದೇ ಎರಡು ಮಂಡಿಗಳು.

ರಾಜಕುಮಾರಿ ಅದೇ ಕಟ್ಟಡದ ನೆಲಮಹಡಿಯ ಪುಟ್ಟ ಅಂಗಡಿಯಲ್ಲಿ ಕೂತು ಗಂಡಸರ ಪ್ಯಾಂಟು ಹೊಲಿಯುತ್ತಿದ್ದಳು. ಕತ್ತಿನಲ್ಲಿ ಸದಾ ಅಳತೆಯ ಟೇಪು. ಮಾತು ಚುಚ್ಚುವಂಥದ್ದಾದ್ದರಿಂದ ಬೀದಿಯವರೆಲ್ಲ ಅವಳಿಗೆ ಇಟ್ಟ ಹೆಸರು ಸೂಜಿ.

ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸೋಣವೆಂದರೆ ಮೆಟ್ಟಿಲಿನ ತಿರುವು ಇಕ್ಕಟ್ಟು, ಕುರ್ಚಿ ತಿರುಗದು. ಹೊರೆಯಾಳುಗಳನ್ನು ಕರೆಸೋಣವೆಂದರೆ, “ಕೂಲಿ ಕೊಟ್ಟು ಹೊರಿಸೋಕೆ ನಾನೇನು ಬೀರುನಾ?” ಎಂದು ಅಜ್ಜಿ ಮುಖ ತಿರುಗಿಸುತ್ತಿದ್ದಳು. ಕೊನೆಗೊಂದು ದಿನ ಅವಳೇ ಅಪ್ಪಣೆ ಹೊರಡಿಸಿದಳು:

“ನನ್ನ ಮೊಮ್ಮಗಳನ್ನ ಕೇಳ್ಕೊಂಡು ಬರೋನು ನನ್ನನ್ನ ಬೆನ್ನ ಮೇಲೆ ಹೊತ್ತು ಬೀದಿಗೆ ಇಳಿಸ್ಲಿ. ನಡುವೆ ಎಲ್ಲೂ ಕೆಳಗಿಡಬಾರದು. ಮನೆಯವರ ಭಾರ ಹೊರದವನು ಇವಳ ಭಾರ ಏನು ಹೊರ್ತಾನೆ?”

ಮೊದಲು ಈ ಮಾತು ಕೇಳಿದವನೊಬ್ಬ ಬ್ಯಾಂಕಿನ ಗುಮಾಸ್ತ. ಜೋರಾಗಿ ನಕ್ಕ, ಟೀ ಕುಡಿದ, “ಭಾನುವಾರ ಬರ್ತೀನಿ” ಅಂದ. ಆ ಭಾನುವಾರ ಇನ್ನೂ ಬಂದಿಲ್ಲ. ಅಂದಿನಿಂದ, ಯಾರು ‘ಬರ್ತೀನಿ’ ಅಂದರೂ ಸೂಜಿಯ ಎದೆಯೊಳಗೆ ಒಂದು ಸಂಶಯ ಬೆಕ್ಕಿನ ಹಾಗೆ ಎದ್ದು ಕೂರುತ್ತಿತ್ತು.

*

ಕನ್ನಡಕದ ಅಂಗಡಿಯವನು ಬಂದದ್ದು ಅಜ್ಜಿಯ ಹೊಸ ಕನ್ನಡಕಕ್ಕೆ ಅಳತೆ ತೆಗೆಯಲು. ಅವಳು ಇಳಿಯಲಾರಳೆಂದು ತಾನೇ ಹತ್ತಿ ಬಂದಿದ್ದ. ಉದ್ದನೆಯ ಸಣಕಲು ಹುಡುಗ. ಅಂಗಿ ತೊಟ್ಟಂತಿರಲಿಲ್ಲ, ಹ್ಯಾಂಗರಿಗೆ ತೂಗುಹಾಕಿದಂತಿತ್ತು. ಅಜ್ಜಿಯ ಮೂಗಿನ ಮೇಲೆ ಪುಟ್ಟ ಸ್ಕೇಲು ಹಿಡಿದು ಎರಡು ಕಣ್ಣುಪಾಪೆಗಳ ನಡುವಿನ ದೂರ ಅಳೆದ. ಆಮೇಲೆ ಸೂಜಿಯ ಕಡೆ ತಿರುಗಿದ.

“ನಿಮ್ಮದೂ ನೋಡಲಾ?”

“ನನಗೆ ಚೆನ್ನಾಗೇ ಕಾಣುತ್ತೆ.”

“ಕಾಣೋದು ಬೇರೆ, ಅಳತೆ ಬೇರೆ. ನೇರವಾಗಿ ನನ್ನ ಮೂಗು ನೋಡಿ.”

ಅವಳು ಮೂಗನ್ನೇ ನೋಡಬೇಕೆಂದುಕೊಂಡಳು. ಆದರೆ ಮೂಗಿನ ಎರಡೂ ಪಕ್ಕಕ್ಕೆ ಕಣ್ಣುಗಳಿರುತ್ತವಲ್ಲ! ಹಾಲು ಕಮ್ಮಿ ಹಾಕಿದ ಟೀಯ ಬಣ್ಣದ ಕಣ್ಣುಗಳು. ಎಡಹುಬ್ಬಿನ ನಡುವೆ ಎಂದೋ ಬಿದ್ದ ಗಾಯದ ಸಣ್ಣ ಬಿರುಕು. ಸ್ಕೇಲು ಜಾರಿ ಅವಳ ಮೂಗಿಗೆ ತಣ್ಣಗೆ ತಾಗಿತು.

“ಎಷ್ಟಿದೆ?” ಅಂದಳು.

“ಮರೆತುಹೋಯ್ತು. ಇನ್ನೊಂದ್ಸಲ ಅಳೀಬೇಕು.”

ಅಜ್ಜಿ ಕೆಮ್ಮಿದಳು. “ನನ್ನ ಕನ್ನಡಕಕ್ಕೆ ಅವಳ ಕಣ್ಣಿನ ಅಳತೆ ಯಾಕಪ್ಪಾ?”

ಒಂದು ಕನ್ನಡಕ ಕೂರಿಸಲು ಅವನು ಎಷ್ಟು ಸಲ ಆ ಮೆಟ್ಟಿಲು ಹತ್ತಿದನೋ! ಒಮ್ಮೆ ಮೂಗಿನ ಹತ್ತಿರ ಸಡಿಲವಂತೆ, ಒಮ್ಮೆ ಕಿವಿಯ ಹತ್ತಿರ ಬಿಗಿಯಂತೆ. ಕೊನೆಗೆ ಕಾರಣಗಳೆಲ್ಲ ಮುಗಿದಾಗ ನಿಜವನ್ನೇ ಹೇಳಿದ. ಅಜ್ಜಿ ತನ್ನ ಷರತ್ತು ಹೇಳಿದಳು. ಅವನು ನಗಲಿಲ್ಲ. ಅಜ್ಜಿಯನ್ನು ತಲೆಯಿಂದ ಕಾಲಿನವರೆಗೆ, ಗಾಜು ಕತ್ತರಿಸುವ ಮುಂಚೆ ನೋಡುವಂತೆ, ಒಮ್ಮೆ ನೋಡಿದ.

“ಸ್ವಲ್ಪ ಸಮಯ ಕೊಡಿ ಅಜ್ಜಿ. ಇಳಿಸ್ತೀನಿ.”

ಇನ್ನೊಂದು ಭಾನುವಾರ, ಅಂದುಕೊಂಡಳು ಸೂಜಿ.

*

ಸೂಜಿಯ ಸೋದರಮಾವ ಪ್ರಾಯದಲ್ಲಿ ದೇಹದಾರ್ಢ್ಯಕ್ಕೆ ಕಪ್ ಗೆದ್ದವನು. ಈಗ ಹಾಸಿಗೆ ಅಂಗಡಿ ಇಟ್ಟಿದ್ದ. ಬೆನ್ನಿನ ಡಿಸ್ಕ್ ಜಾರಿ, ಬಕೆಟ್ಟು ಕೂಡ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ಎತ್ತಲಾಗದಿದ್ದರೇನು, ಉಪದೇಶ ಮಾಡಲು ಬೆನ್ನು ಬೇಕೇ? ಕನ್ನಡಕದ ಹುಡುಗನನ್ನು ಕರೆಸಿ ಕೂರಿಸಿಕೊಂಡ.

“ಲೋ ಕಡ್ಡಿ ಪೈಲ್ವಾನ, ಕೇಳಿಲ್ಲಿ. ಮೊದಲು ಮೈಗೆ ಕೊಬ್ಬು ಬರಬೇಕು. ಆಮೇಲೆ ಅದನ್ನೇ ಕಡೆದು ಸ್ನಾಯು ಮಾಡೋದು. ಮೊಸರೇ ಇಲ್ದೆ ಬೆಣ್ಣೆ ಎಲ್ಲಿಂದ ಬರುತ್ತೆ?”

“ನಿಮಗೆ ಬಂತಾ ಮಾವ?”

“ನಂದು ಇನ್ನೂ ಮೊಸರಿನ ಹಂತ ಕಣೋ,” ಎಂದು ಮಾವ ಗುಡಾಣದಂಥ ಹೊಟ್ಟೆ ಸವರಿಕೊಂಡ.

ಅಂದಿನಿಂದ ಸೂಜಿ ದಿನಾ ಬೆಳಿಗ್ಗೆ ಕನ್ನಡಕದ ಅಂಗಡಿಗೆ ಡಬ್ಬಿ ಒಯ್ಯತೊಡಗಿದಳು. ಕೆಳಗಿನ ಬಟ್ಟಲಲ್ಲಿ ಬೇಯಿಸಿದ ಮೊಟ್ಟೆ ಮತ್ತು ಕಾಳು, ನಡುವಿನದರಲ್ಲಿ ಬೆಣ್ಣೆ ಸವರಿದ ಬ್ರೆಡ್ಡು, ಮೇಲಿನದರಲ್ಲಿ ಕರಿದ ಆಲೂಗಡ್ಡೆ. ಕಡ್ಡಿ ತಿಂದ. ಅವನ ಸೊಂಟ ಬೆಳೆಯಿತು. ಪ್ಯಾಂಟಿನ ಸೊಂಟ ಬಿಚ್ಚಿ ಅಗಲ ಮಾಡುವಾಗೆಲ್ಲ ಅವಳಿಗೆ ಎಂಥದೋ ಸಂತೋಷ. ಅವನು ನಿಜವಾಗಿಯೂ ತನಗಾಗಿ ದೊಡ್ಡವನಾಗುತ್ತಿದ್ದಾನೆ! ಟೇಪು ಸುಳ್ಳು ಹೇಳುತ್ತದೆಯೇ?

ಒಂದು ಸಂಜೆ ಅವನು ಅಜ್ಜಿಯನ್ನು ಬೆನ್ನಿಗೇರಿಸಿಕೊಂಡು ಹೊರಟ. ಒಂದು ಮಹಡಿಯೂ ಇಳಿಯಲಿಲ್ಲ. ಮೊದಲ ತಿರುವಿನಲ್ಲೇ ಏದುಸಿರು, ಕಣ್ಣು ಕತ್ತಲೆ, ಕಾಲು ನಡುಕ. ಅಲ್ಲೇ ಕೂರಿಸಿಬಿಟ್ಟ. ಅಜ್ಜಿ ಒಂದೊಂದೇ ಮೆಟ್ಟಿಲ ಮೇಲೆ ಕೂತು ಕೂತು ಹಿಮ್ಮುಖವಾಗಿ ಮನೆಗೆ ವಾಪಸಾದಳು. ಅಷ್ಟಕ್ಕೇ ಅವಳ ಮಂಡಿಗಳು ಊದಿಕೊಂಡವು.

“ಪರವಾಗಿಲ್ಲ ಬಿಡಪ್ಪಾ. ಮುಕ್ಕಾಲು ಕಥೆ ಹೀಗೇ ಶುರುವಾಗೋದು,” ಅಂದಳು. ಅವನು ತಲೆ ಎತ್ತಲಿಲ್ಲ.

*

ಅದಾದ ಮೇಲೆ ಅವನು ಬದಲಾದ. ಸಂಜೆ ಮನೆಗೆ ಬರುವುದು ನಿಂತಿತು. ಡಬ್ಬಿ ಮಾತ್ರ ಖಾಲಿಯಾಗಿ, ತೊಳೆದು, ಹೊಳೆಯುತ್ತಾ ವಾಪಸಾಗುತ್ತಿತ್ತು. ಆದರೆ ಸೊಂಟ? ಸೂಜಿ ಏನೋ ನೆಪ ಹೇಳಿ ಅಳೆದಳು. ಕರಗಿದೆ. ಮತ್ತೊಮ್ಮೆ ಅಳೆದಳು. ಇನ್ನೂ ಕರಗಿದೆ.

“ಊಟ ಸೇರುತ್ತಾ?”

“ಚೆನ್ನಾಗಿ ಸೇರುತ್ತೆ. ಆಲೂಗಡ್ಡೆಗೆ ಇನ್ನೊಂಚೂರು ಎಣ್ಣೆ ಇದ್ರೂ ಆಗುತ್ತೆ.”

ಹೇಳುವಾಗ ಅವನ ಕಣ್ಣು ಅವಳ ಕಿವಿಯ ಕಡೆಗಿತ್ತು. ಎದುರಿಗಿರುವವರ ಪಾಪೆಯನ್ನು ನೇರ ನೋಡುವುದೇ ಕಸುಬಾದವನು ಕಿವಿ ನೋಡಿ ಮಾತಾಡಿದರೆ ನಂಬುವುದು ಹೇಗೆ?

ಮೇಲಿಂದ ಅವನ ಬೆನ್ನಿನ ಮೇಲೆ, ಎಡಭುಜಕ್ಕೆ ಹತ್ತಿರ, ಬೆಳ್ಳನೆಯ ಪೌಡರು. ಯಾರೋ ತಲೆ ಒರಗಿಸಿದರೆ ಸರಿಯಾಗಿ ಕೆನ್ನೆ ತಾಗುವ ಜಾಗ.

“ಇದೇನು?”

“ಯಾವುದು? ಓ... ಸುಣ್ಣ. ಅಂಗಡಿ ಗೋಡೆದು.”

ಅಂಗಡಿಯ ಗೋಡೆಗೆ ನೀಲಿ ಬಣ್ಣ ಬಳಿದಿದ್ದಾರೆಂದು ಅವಳಿಗೆ ಗೊತ್ತಿತ್ತು. ಅವನು ಮರೆತಿದ್ದ.

ಅಂದು ಅಜ್ಜಿಯ ಕಾಲಿಗೆ ಎಣ್ಣೆ ನೀವುತ್ತಾ ಸೂಜಿ ಕೇಳಿದಳು: “ಅಜ್ಜೀ, ತಿಂದದ್ದು ಮೈಗೆ ಹತ್ತಲಿಲ್ಲ ಅಂದ್ರೆ ಏನರ್ಥ?”

“ಹೊಟ್ಟೇಲಿ ಹುಳ ಇದೆ ಅಂತ. ಇಲ್ಲಾ ತಲೇಲಿ.”

“ನನ್ನ ತಲೇಲಾ, ಅವನ ತಲೇಲಾ?”

“ಹೋಗಿ ನೋಡ್ದೆ ನನ್ನನ್ನ ಕೇಳಿದ್ರೆ? ಕಥೆ ಹೇಳೋದು ನನ್ನ ಕೆಲಸ. ಕದ ತಟ್ಟೋದು ನಿಂದು.”

*

ಮರುದಿನ ಡಬ್ಬಿ ಕೊಟ್ಟು ಬಂದವಳು ಅಂಗಡಿಯ ಎದುರಿನ ಕಂಬದ ಮರೆಯಲ್ಲಿ ನಿಂತಳು. ಸ್ವಲ್ಪ ಹೊತ್ತಿಗೇ ಅವನು ಬಾಗಿಲೆಳೆದು, ಡಬ್ಬಿ ಹಿಡಿದು ಹೊರಟ. ಅವಳೂ ಹಿಂದೆ ಹೊರಟಳು. ಹೆಜ್ಜೆ ಇಡುತ್ತಾ ಇಡುತ್ತಾ ಒಂದು ಮನಸ್ಸು ‘ಆ ಪೌಡರಿನವಳು ಯಾರೋ ಚೆಲುವೆ’ ಎನ್ನುತ್ತಿತ್ತು, ಇನ್ನೊಂದು ಮನಸ್ಸು ‘ಸುಮ್ಮನೆ ವಾಪಸು ಹೋಗೇ’ ಎನ್ನುತ್ತಿತ್ತು.

ಅವನು ಹೊಕ್ಕದ್ದು ಹಿಟ್ಟಿನ ಗಿರಣಿಯನ್ನು. ಯಂತ್ರ ಇನ್ನೂ ಶುರುವಾಗಿರಲಿಲ್ಲ. ಕಿಟಕಿಯ ಸಂದಿಗೆ ಕಣ್ಣಿಟ್ಟಳು.

ಒಳಗೆ ಗಿರಣಿಯ ಒಡತಿ, ಬೀದಿಗೆಲ್ಲ ಅಕ್ಕ, ತೂಕದ ತಕ್ಕಡಿಯ ಹಲಗೆ ಮೇಲೆ ರಾಣಿಯಂತೆ ಕೂತು ಸೂಜಿಯ ಡಬ್ಬಿ ಬಿಚ್ಚಿದ್ದಳು! ಬೆಣ್ಣೆ ಬ್ರೆಡ್ಡನ್ನು ಎರಡು ತುತ್ತಿಗೆ ಮುಗಿಸಿದಳು. ಆಲೂಗಡ್ಡೆಯನ್ನು ಒಂದೊಂದಾಗಿ ಸವಿದಳು. ಕೈ ಒರೆಸಿಕೊಂಡು ಎದ್ದು, ಅವನ ಹಿಂದೆ ಹೋಗಿ, ಎರಡೂ ತೋಳು ಅವನ ಕತ್ತಿಗೆ ಬಳಸಿದಳು.

ಸೂಜಿಗೆ ಮುಂದಿನದನ್ನು ನೋಡಲಾಗಲಿಲ್ಲ. ಕದ ತಳ್ಳಿಕೊಂಡು ಒಳಗೆ ಹೋದಳು.

ಅಕ್ಕ ಅವನ ಬೆನ್ನ ಮೇಲಿದ್ದಳು. ಅವನು ಅಟ್ಟದ ಮೆಟ್ಟಿಲು ಹತ್ತುತ್ತಿದ್ದ.

“ಏನ್ರೀ ಇದು?”

“ಇಳಿಸೋ, ಇಳಿಸೋ!” ಎಂದು ಅಕ್ಕ ಕಿರುಚಿದಳು. “ನಾನು ಹೇಳ್ಲಿಲ್ವಾ, ಹೆಣ್ಮಕ್ಕಳ ಹತ್ರ ಮುಚ್ಚಿಡಬೇಡ ಅಂತ!”

ಅವನು ಅವಸರಪಡಲಿಲ್ಲ. ನಿಧಾನಕ್ಕೆ ಒಂದೊಂದೇ ಮೆಟ್ಟಿಲು ಇಳಿದು, ಮಂಡಿ ಬಗ್ಗಿಸಿ, ಅಕ್ಕನನ್ನು ನೆಲಕ್ಕೆ ಬಿಟ್ಟ. ಏದುಸಿರಿಲ್ಲ. ಬೆನ್ನ ಮೇಲೆ, ಅಕ್ಕನ ಕೆನ್ನೆ ತಾಗಿದಲ್ಲಿ, ಹೊಸ ಹಿಟ್ಟಿನ ಗುರುತು.

“ಮೊದಲು ಚೀಲ ಹೊತ್ತೆ,” ಅಂದ. “ಚಿಕ್ಕದು, ಆಮೇಲೆ ದೊಡ್ಡದು. ಆದರೆ ಚೀಲ ಬೈಯಲ್ಲ, ಅಲುಗಾಡಲ್ಲ, ಹೆದರಿ ಕತ್ತು ಹಿಸುಕಲ್ಲ. ನಿಮ್ಮಜ್ಜಿ ಮೂರೂ ಮಾಡಿದ್ರು. ಅದಕ್ಕೇ ಅಕ್ಕನ್ನ ಕೇಳ್ಕೊಂಡೆ. ಅಕ್ಕ ಅಜ್ಜಿಗಿಂತ ಸ್ವಲ್ಪ ಹಗುರ. ಹಾಗಾಗಿ ನಿಮ್ಮ ಬೆಣ್ಣೆ, ಆಲೂಗಡ್ಡೆ...”

“ಇವರನ್ನ ದಪ್ಪ ಮಾಡೋಕಾ?”

“ಮೊನ್ನೆಗೆ ನಿಮ್ಮಜ್ಜಿಗೆ ಸರಿಸಮ ಆದೆ ನೋಡಮ್ಮ,” ಎಂದು ಅಕ್ಕ ತಕ್ಕಡಿಯನ್ನು ಹೆಮ್ಮೆಯಿಂದ ತಟ್ಟಿದಳು.

“ಮಾವ ಹೇಳಿದ್ದು ಪೂರ್ತಿ ಸುಳ್ಳಲ್ಲ,” ಅಂದ ಅವನು. “ಕೊಬ್ಬು ಬೇಕಾಗಿತ್ತು. ಹೊರೋನಿಗಲ್ಲ, ಬೆನ್ನೇರೋರಿಗೆ. ಹೋದ ಸಲ ನಾನು ಅಜ್ಜಿ ಜೊತೆ ನನ್ನ ಹೊಟ್ಟೇನೂ ಹೊತ್ತಿದ್ದೆ. ಕೊಬ್ಬನ್ನ ಕಡೆದ್ರೆ ಸ್ನಾಯು ಬರಲ್ಲ ರೀ, ಅವೆರಡೂ ಬೇರೆ ಬೇರೆ. ಹಸಿದುಕೊಂಡಿದ್ರೂ ಬರಲ್ಲ, ಅದಕ್ಕೇ ಮೊಟ್ಟೆ, ಕಾಳು ಒಂದಿನಾನೂ ಬಿಟ್ಟಿಲ್ಲ. ಹೊಟ್ಟೆ ತುಂಬಾ ತಿಂತೀನಿ, ಹೊಟ್ಟೆ ಬರೋ ಹಾಗೆ ತಿನ್ನಲ್ಲ. ದಿನಾ ಭಾರ ಹೆಚ್ಚಿಸ್ತೀನಿ, ನಿದ್ದೆ ಮಾಡ್ತೀನಿ. ಅಷ್ಟೇ.”

“ನನಗೆ ಹೇಳೋಕೇನಾಗಿತ್ತು?”

ಅವನು ಮತ್ತೆ ಅವಳ ಕಿವಿಯ ಕಡೆ ನೋಡಿದ. ಆಮೇಲೆ ಬಲವಂತವಾಗಿ ಎಂಬಂತೆ ನೋಟವನ್ನು ಕಣ್ಣಿಗೆ ತಂದ. “ಡಬ್ಬಿ ಬೇಡ ಅಂದಿದ್ರೆ ನೀವು ಬೆಳಿಗ್ಗೆ ಬೆಳಿಗ್ಗೆ ಅಂಗಡಿಗೆ ಬರ್ತಿದ್ರಾ?”

ಸೂಜಿಗೆ ಕರಗಿಹೋಗುವ ಆಸೆ. ಆದರೆ ಸಂಶಯ ಬೆಣ್ಣೆಯಲ್ಲ, ಅಷ್ಟು ಬೇಗ ಕರಗದು. ಬಣ್ಣದ ಮಾತು ಆಡುವವರನ್ನು ಅವಳು ನೋಡಿದ್ದಳು. ಕತ್ತಿನಿಂದ ಟೇಪು ಎಳೆದಳು.

“ತಿರುಗಿ.”

ಅವನು ತಿರುಗಿದ. ಇಷ್ಟು ದಿನ ಅವಳು ಅಳೆದದ್ದು ಬರೀ ಸೊಂಟ. ಪ್ಯಾಂಟು ಹೊಲಿಯುವವಳ ಕೈ ಬೇರೆ ಕಡೆ ಹೋಗಿರಲೇ ಇಲ್ಲ. ಈಗ ಟೇಪನ್ನು ಭುಜದಿಂದ ಭುಜಕ್ಕೆ ಹಿಡಿದಳು. ಅವಳು ಕಣ್ಣಳತೆಯಲ್ಲೇ ಊಹಿಸಿದ್ದ ಜಾಗಕ್ಕೆ ಭುಜ ಮುಗಿಯಲಿಲ್ಲ, ಆಚೆಗೂ ಇತ್ತು. ಬೆರಳಿನಡಿ, ಹಿಟ್ಟು ಮೆತ್ತಿದ ಅಂಗಿಯ ಕೆಳಗೆ, ಬೆನ್ನು ಬಿಗಿಯಾಗಿ, ಬೆಚ್ಚಗೆ, ಉಸಿರಿಗೆ ಏರಿಳಿಯುತ್ತಿತ್ತು. ತೋಳಿಗೆ ಟೇಪು ಸುತ್ತಿದಳು. ಸುತ್ತಿದ ಕೈ ಅಲ್ಲೇ ನಿಂತಿತು.

“ಎಷ್ಟಿದೆ?” ಎಂದು ಅವನು ಮೆಲ್ಲಗೆ ಕೇಳಿದ.

“ಸುಮ್ನಿರಿ. ಅಳೀತಿದ್ದೀನಿ.”

“ಇಷ್ಟು ಹೊತ್ತಾ?” ಅಂದಳು ಅಕ್ಕ, ಯಂತ್ರದ ಪಟ್ಟಿ ಸರಿಮಾಡುತ್ತಾ.

ಸೂಜಿ ಟೇಪು ಸುತ್ತಿ ಕತ್ತಿಗೆ ಹಾಕಿಕೊಂಡಳು. “ದಪ್ಪ ಇದ್ದದ್ದೆಲ್ಲ ಗಟ್ಟಿ ಅಂತ ಒಮ್ಮೆ ನಂಬಿ ಮೋಸಹೋಗಿದ್ದೀನಿ. ನನಗೆ ಮೆಟ್ಟಿಲ ಮೇಲೆ ತೋರಿಸಿ. ಇವತ್ತು ಸಂಜೆ.”

“ಬರ್ತೀನಿ,” ಅಂದ.

ಅದೇ ಮಾತು. ಬೆಕ್ಕು ಎದ್ದು ಕೂತಿತು.

*

ಬಂದ. ಹೊತ್ತಿಗೆ ಮುಂಚೆಯೇ ಬಂದ.

ಅಜ್ಜಿ ಒಳ್ಳೆಯ ಸೀರೆ ಉಟ್ಟು, ಹೊಸ ಕನ್ನಡಕವನ್ನು ದಾರದಿಂದ ಕಿವಿಗೆ ಬಿಗಿದು ಕಾಯುತ್ತಿದ್ದಳು. ಮಾವ ಮೆಟ್ಟಿಲ ಕೆಳಗೆ ಒಂದು ಹಾಸಿಗೆ ಹಾಸಿಟ್ಟಿದ್ದ. “ಯಾವುದಕ್ಕೂ ಇರಲಿ ಅಂತ,” ಅಂದ.

ಸೂಜಿ ಅವನ ಮುಂದೆ, ಹಿಮ್ಮುಖವಾಗಿ, ಗೋಡೆ ಹಿಡಿದು ಇಳಿದಳು. ಅವನ ಮುಖವನ್ನು ಓದಬೇಕಿತ್ತು. ಮಂಡಿ ನಡುಗುತ್ತದೆಯೇ? ತುಟಿ ಬಿಳಿಚುತ್ತದೆಯೇ? ಈಗ ಇಡುತ್ತಾನೆ, ಇಗೋ ಈಗ, ಎಂದು ಅವಳ ಮನಸ್ಸು ಪ್ರತಿ ಮೆಟ್ಟಿಲಿಗೂ ಹೇಳುತ್ತಿತ್ತು. ಮೊದಲ ತಿರುವು ದಾಟಿದ. ಎರಡನೇ ಮಹಡಿ ದಾಟಿದ.

“ಕತ್ತು ಬಿಡಿ ಅಜ್ಜಿ, ಭುಜ ಹಿಡ್ಕೊಳ್ಳಿ.”

“ಭುಜ ಈಗ ತಾನೇ ಬಂದಿದೆ, ನನಗೇನು ಗೊತ್ತು!”

ಕೊನೆಯ ತಿರುವಿನಲ್ಲಿ ಅವನು ನಿಂತ. ಗೋಡೆಗೆ ಒಂದು ಕೈ ಊರಿದ. ಹಣೆಯ ಬೆವರು ಹುಬ್ಬಿನ ಬಿರುಕಿನಲ್ಲಿ ಇಳಿದು ಕಣ್ಣಿಗೆ ಬಿತ್ತು. ಒರೆಸಿಕೊಳ್ಳಲು ಅವನಿಗೆ ಕೈಯಿಲ್ಲ. ಸೂಜಿ ಸೆರಗಿನಿಂದ ಒರೆಸಿದಳು. ಅವನ ಕಾಲು ನಡುಗುತ್ತಿತ್ತು, ನಿಜ. ಆದರೆ ಕಣ್ಣು ನೇರ ಅವಳ ಕಣ್ಣಲ್ಲಿತ್ತು. ಬಿಟ್ಟು ಹೋಗುವವನ ಕಣ್ಣಲ್ಲ ಅದು.

ಎಷ್ಟೋ ದಿನದಿಂದ ಎದೆಯಲ್ಲಿ ಕೂತಿದ್ದ ಬೆಕ್ಕು ಮೆಲ್ಲಗೆ ಎದ್ದು, ಮೈಮುರಿದು, ಹೊರಟುಹೋಯಿತು.

“ಇಳಿಸಿಬಿಡು,” ಅಂದಳು. ‘ನೀವು’ ಯಾವಾಗ ಜಾರಿಬಿತ್ತೋ ಅವಳಿಗೇ ಗೊತ್ತಾಗಲಿಲ್ಲ. “ಇಲ್ಲೇ ಇಳಿಸಿದ್ರೂ ನಾನು ನಿನ್ನನ್ನೇ ಮದುವೆ ಆಗೋದು. ಇನ್ನು ಪರೀಕ್ಷೆ ಸಾಕು.”

ಅವನಿಗೆ ನಗು ಬಂತು. “ಈಗ ಹೇಳ್ತೀಯಾ ಇದನ್ನ? ನಗಿಸಬೇಡ ಮಾರಾಯ್ತಿ, ಅಜ್ಜಿ ಜಾರ್ತಾರೆ.”

“ಏಯ್!” ಎಂದು ಅಜ್ಜಿ ಬೆನ್ನ ಮೇಲಿಂದಲೇ ಗದರಿದಳು. “ನನ್ನನ್ನ ಮಧ್ಯದಾರಿಲಿ ಬಿಟ್ಟು ಮದುವೆ ಮಾತಾಡ್ತೀರಾ? ಮೊದಲು ಬೀದಿ, ಆಮೇಲೆ ಪ್ರೀತಿ. ನಡಿಯೋ!”

ಅವನು ಒಮ್ಮೆ ಆಳವಾಗಿ ಉಸಿರೆಳೆದು, ಅಜ್ಜಿಯನ್ನು ಮೇಲಕ್ಕೆ ಕುಲುಕಿ ಸರಿಮಾಡಿಕೊಂಡು, ಹೆಜ್ಜೆ ಎತ್ತಿದ. ಸೂಜಿ ಈಗ ಹಿಮ್ಮುಖವಾಗಿ ನಡೆಯಲಿಲ್ಲ. ಅವನ ಪಕ್ಕಕ್ಕೆ ಬಂದು, ಇಕ್ಕಟ್ಟಿನಲ್ಲಿ ಭುಜಕ್ಕೆ ಭುಜ ತಾಗಿಸಿ, ಮುಂದೆ ನೋಡುತ್ತಾ ಇಳಿದಳು.

ಮಾವನ ಹಾಸಿಗೆ ದಾಟಿತು. ಹೊಲಿಗೆ ಅಂಗಡಿ ದಾಟಿತು. ಬಾಗಿಲಾಚೆ ಸಂಜೆಯ ಬಿಸಿಲು ಇನ್ನೂ ರಸ್ತೆಯ ಮೇಲೆ ಬಿದ್ದುಕೊಂಡಿತ್ತು. ಅವನು ಮಂಡಿ ಬಗ್ಗಿಸಿದ. ಅಜ್ಜಿಯ ಬರಿಗಾಲು ಮೊದಲು ಹೆಬ್ಬೆರಳಿನಿಂದ ನೆಲವನ್ನು ಮುಟ್ಟಿ ನೋಡಿತು. ಆಮೇಲೆ ಪೂರ್ತಿ ಪಾದ. ಆಮೇಲೆ ಇನ್ನೊಂದು.