ಬದಲಾದ ಮಷೀನು

ಮಾರ್ಚ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ನಿವೃತ್ತ ಹಲ್ಲಿನ ಡಾಕ್ಟರೊಬ್ಬರು ಠಾಣೆಗೆ ಬಂದು, ಕರವಸ್ತ್ರದಲ್ಲಿ ಸುತ್ತಿದ್ದ ಕೈಗಡಿಯಾರವನ್ನು ಇನ್ಸ್‌ಪೆಕ್ಟರ್ ಮುಂದೆ ಬಿಚ್ಚಿಟ್ಟರು. ಕೀ ಕೊಡುವ ವಾಚು, ಅರವತ್ತು ವರ್ಷಕ್ಕೂ ಹಳೆಯದು. ಹಿಂದಿನ ಭಾನುವಾರ ಸಂಗ್ರಾಹಕರ ಕೂಟದಲ್ಲಿ ಹಿಂಬದಿಯ ಮುಚ್ಚಳ ತೆಗೆದು ತೋರಿಸಲು ಹೋಗಿ, ಹತ್ತು ಜನರೆದುರು ಅವರ ಮುಖ ಕಪ್ಪಿಟ್ಟಿತ್ತು. ಡಯಲು, ಮುಳ್ಳು ಹಳೆಯವೇ. ಒಳಗಿನ ಮಷೀನು ಮಾತ್ರ ಯಾವುದೋ ಅಗ್ಗದ್ದು.

"ರಿಪೇರಿಗೆ ಯಾರ ಹತ್ರ ಕೊಟ್ಟಿದ್ರಿ?"

"ಒಬ್ಬರೇ ಮೇಡಂ. ಇಪ್ಪತ್ತು ವರ್ಷದಿಂದ ಬೇರೆಯವರ ಕೈಗೆ ಕೊಟ್ಟಿಲ್ಲ. ನನ್ನ ಹತ್ರ ನಲವತ್ತೆಂಟು ವಾಚಿವೆ."

"ಇರೋದು ಎರಡೇ ಕೈ," ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿದ. ಇನ್ಸ್‌ಪೆಕ್ಟರ್ ದುರುಗುಟ್ಟಿ ನೋಡಿದ ಮೇಲೆ ತೆಪ್ಪಗೆ ದೂರು ಬರೆದುಕೊಂಡ. ನಂಬಿಕೆದ್ರೋಹ, ವಂಚನೆ. ಎಫ್‌ಐಆರ್ ದಾಖಲಾಯಿತು.

ರಿಪೇರಿಯವರು ಅಸಲಿ ಮಷೀನು ಮಾರಿದ್ದರೆ ಕೊಂಡವರು ಇರಲೇಬೇಕು. ಹೆಡ್ ಕಾನ್‌ಸ್ಟೇಬಲ್ ಬುಧವಾರವಿಡೀ ಬಿಡಿಭಾಗದ ಅಂಗಡಿಗಳನ್ನು ಅಲೆದು ಬಂದ.

"ಏನೂ ಮಾರಿಲ್ಲ ಮೇಡಂ. ಉಲ್ಟಾ, ಅವರೇ ಐದು ಮಷೀನು ಕೊಂಡ್ಕೊಂಡು ಹೋಗಿದ್ದಾರೆ."

ಗುರುವಾರ ಮಧ್ಯಾಹ್ನ ಮೂರಕ್ಕೆ, ಪಕ್ಕದ ಟೈಲರನ್ನೂ ಜೆರಾಕ್ಸ್ ಅಂಗಡಿಯವನನ್ನೂ ಪಂಚ ಸಾಕ್ಷಿಗಳಾಗಿ ಕರೆದು, ರಿಪೇರಿ ಅಂಗಡಿಯ ಶೋಧನೆ ನಡೆಯಿತು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅಂಗಡಿ. ಅರವತ್ತೆಂಟರ ರಿಪೇರಿಯವರು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು. ಕೆಳಗಿನ ಡ್ರಾಯರಿನಲ್ಲಿ ತಗಡಿನ ಡಬ್ಬಿ. ಅದರಲ್ಲಿ ಐದು ಪೊಟ್ಟಣ, ಪ್ರತಿಯೊಂದರ ಮೇಲೂ ವಾಚಿನ ಮಾಲೀಕರ ಹೆಸರು. ಒಳಗೆ ಅಸಲಿ ಮಷೀನುಗಳು. ಒಂದರಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಗೋಜಲಾಗಿತ್ತು, ಇನ್ನೊಂದರಲ್ಲಿ ಚಕ್ರದ ಕಡ್ಡಿ ಮುರಿದಿತ್ತು. ಪಂಚನಾಮೆಯಲ್ಲಿ ಐದನ್ನೂ ಬರೆಸುವಾಗ ಇನ್ಸ್‌ಪೆಕ್ಟರಿಗೆ ಡಬ್ಬಿ ಖಾಲಿ ಇದ್ದಿದ್ದರೇ ಚೆನ್ನಾಗಿತ್ತು, ಬರೀ ಕಳ್ಳನನ್ನು ಹಿಡಿದಂತಾಗುತ್ತಿತ್ತು ಅನ್ನಿಸಿತು.

"ಹೇಗೆ ಮುರೀತು?"

ಅವರು ಕೈ ಮೇಲೆತ್ತಿ ತೋರಿಸಿದರು. ಬೆರಳುಗಳು ಅದುರುತ್ತಿದ್ದವು.

"ಯಾವಾಗಿಂದ?"

"ಎರಡು ವರ್ಷ ಆಯ್ತು. ವಾಸಿ ಆಗಲ್ಲ ಅಂದ್ರು."

"ಡಾಕ್ಟರ್ ಸಾಹೇಬ್ರಿಗೆ ಹೇಳ್ಬಹುದಿತ್ತಲ್ಲ?"

"ಬಾಯಿಗೆ ಬಂತು, ಹೊರಗೆ ಬರ್ಲಿಲ್ಲ. ಟೈಮಾದ್ರೂ ಸರಿಯಾಗಿ ತೋರಿಸ್ಲಿ ಅಂತ ಬೇರೆ ಮಷೀನು ಹಾಕ್ದೆ. ನಲವತ್ತೊಂದು ವರ್ಷ ಈ ಸ್ಟೂಲ್ ಮೇಲೆ ಕೂತಿದೀನಮ್ಮ. ಇದು ಬಿಟ್ರೆ ನಾನ್ಯಾರು?"

ಪೊಟ್ಟಣದ ಮೇಲಿದ್ದ ಉಳಿದ ನಾಲ್ವರಿಗೆ ತಿಳಿಸುವುದು ನಿಯಮ. ತಿಳಿಸಿದರು. ಅವರೂ ದೂರು ಕೊಟ್ಟರು. ರಿಪೇರಿಯವರ ಕೈಯ ಸುದ್ದಿ ತಿಳಿದ ಡಾಕ್ಟರು ಶುಕ್ರವಾರ ಓಡಿಬಂದರು.

"ನನ್ನ ಕಂಪ್ಲೇಂಟ್ ಹರಿದುಹಾಕಿ ಮೇಡಂ. ಅವರು ಕಳ್ಳ ಅಲ್ಲ."

"ಎಫ್‌ಐಆರ್ ಹರಿಯೋಕಾಗಲ್ಲ ಸಾರ್. ನೀವು ಬಿಟ್ರೂ ಇನ್ನು ನಾಲ್ಕು ಜನ ಬಿಡ್ತಿಲ್ಲ."

"ಅವರ ಹತ್ರ ನಾನು ಮಾತಾಡ್ಲಾ?"

"ಮಾತಾಡಿ. ಒಬ್ಬರ ಹತ್ರ ನಾನೇ ಮಾತಾಡಿ ನೋಡ್ದೆ. ಫೋನ್ ಇಟ್ಟುಬಿಟ್ರು."

ಅಂದು ಸಂಜೆ ಐದು ನಲವತ್ತಕ್ಕೆ ರಿಪೇರಿಯವರನ್ನು ಬಂಧಿಸಿದರು. ಬಂಧನದ ಪತ್ರದ ಮೇಲೆ ಅವರ ಪೆನ್ನು ಅಡ್ಡಾದಿಡ್ಡಿ ಓಡಿತು. ಹೆಡ್ ಕಾನ್‌ಸ್ಟೇಬಲ್ ಹೆಬ್ಬೆಟ್ಟಿಗೆಂದು ಮಸಿ ಪ್ಯಾಡ್ ತಂದ.

"ಬೇಡಪ್ಪ. ಸಹಿ ಬರುತ್ತೆ ನಂಗೆ. ಸ್ವಲ್ಪ ತಡೀರಿ."

ಎಲ್ಲರೂ ತಡೆದರು. ಯಾರೂ ಅವರ ಕೈ ನೋಡಲಿಲ್ಲ.

ಅವರನ್ನು ಕರೆದೊಯ್ದ ಮೇಲೆ ಇನ್ಸ್‌ಪೆಕ್ಟರ್ ಕೇಸ್ ಡೈರಿ ತೆಗೆದರು. ಉದ್ದೇಶ ಎಂಬಲ್ಲಿ 'ಹಣದಾಸೆ ಕಂಡುಬಂದಿಲ್ಲ' ಎಂದು ಬರೆದರು. ಅದರ ಕೆಳಗೆ 'ಕೆಲಸ ಇನ್ನು ತನ್ನಿಂದಾಗದು ಎಂದು ಹೇಳಿಕೊಳ್ಳಲಾಗದೆ' ಎಂದು ಸೇರಿಸಿ ಸಹಿ ಹಾಕಿದರು.